ತಿರುವಿಗೆಂದು ಬಿಗಿ ಮಾಡಿಸಿದ ಕಾರು

ನನ್ನ ಮನೆಯವಳೇ, ಸುಶೀಲಾ,

ಕ್ಷೇಮ ಎಂದು ಬರೆದು ಶುರು ಮಾಡೋಣವೆಂದರೆ ಅದು ಎರಡೂ ಕಡೆಯಿಂದ ಸುಳ್ಳಾಗುತ್ತದೆ. ಎಸ್ಟೇಟಿನಲ್ಲಿ ರೈಟರಾಗಿ ಇದ್ದಷ್ಟು ಕಾಲ ಸಾಹುಕಾರರ ಪರವಾಗಿ, ಕೆಲಸದವರ ಪರವಾಗಿ ಎಷ್ಟು ಕಾಗದ ಬರೆದೆನೋ, ಲೆಕ್ಕವಿಲ್ಲ. ನನ್ನದೇ ಪರವಾಗಿ ಒಂದು ಕಾಗದ ಬರೆಯಲು ಕೂತದ್ದು ಇದೇ ಮೊದಲು. ನೀನು ಹೋಗಿ ಎಂಟು ತಿಂಗಳಾಯಿತು. ಈ ಎಂಟು ತಿಂಗಳೂ ನನಗೆ ಒಂದು ಸಮಾಧಾನವಿತ್ತು. ಮಂಗಳೂರಿನ ಆಸ್ಪತ್ರೆಗೆ ನಿನ್ನನ್ನು ಕರೆದೊಯ್ಯುವಾಗ ಚಾರ್ಮಾಡಿಯ ತಿರುವುಗಳಲ್ಲಿ ನಿನಗೆ ತೊಂದರೆಯಾಗಬಾರದೆಂದು ಕಾರಿನ ಸಸ್ಪೆನ್ಷನ್ ಪೂರಾ ಬದಲಾಯಿಸಿದ್ದೆನಲ್ಲ, ಅಷ್ಟಾದರೂ ನಿನಗಾಗಿ ಮಾಡಿದೆ ಎಂಬ ಸಮಾಧಾನ. ಕಳೆದ ಭಾನುವಾರ ಅದೂ ಹೋಯಿತು. ಆ ಕಾರು ನಿನ್ನನ್ನು ಸುಖವಾಗಿ ಕರೆದೊಯ್ದಿತೋ, ಇಲ್ಲ ನಾನೇ ನಿನ್ನನ್ನು ಅದರಲ್ಲಿ ಕೂರಿಸಿ... ಇದನ್ನು ನಿನ್ನನ್ನಲ್ಲದೆ ಯಾರನ್ನು ಕೇಳಲಿ?

ಭಾನುವಾರ ಬೆಳಿಗ್ಗೆ ಕಳಸದ ಕಡೆಯಿಂದ ಗಂಡ ಹೆಂಡತಿ ಇಬ್ಬರು ಕಾರು ನೋಡಲು ಬಂದಿದ್ದರು. ಅದನ್ನು ಕೊಟ್ಟುಬಿಡುವುದೆಂದು ಮೂಡಿಗೆರೆಯಲ್ಲಿ ಒಬ್ಬಿಬ್ಬರ ಹತ್ತಿರ ಹೇಳಿದ್ದೆ. ಆತ ಸಣ್ಣ ಬೆಳೆಗಾರ, ರ್ಯಾಲಿಯ ಹುಚ್ಚು. ಬಂದವನೇ ಅಂಗಳದಲ್ಲಿ ಅಂಗಾತ ಮಲಗಿ ಕಾರಿನ ಅಡಿಗೆ ತಲೆ ತೂರಿಸಿದ. "ಅಂಕಲ್, ಇದನ್ನ ಮಾಡ್ಸಿದ್ದು ಯಾರು? ಗೊತ್ತಿದ್ದೋರೇ ಮಾಡ್ಸಿದಾರೆ" ಎಂದ. ಅಷ್ಟು ಚಿಕ್ಕ ವಯಸ್ಸಿನವನ ಬಾಯಲ್ಲಿ ಆ ಮಾತು ಕೇಳಿ ನನಗೆ ಹೆಮ್ಮೆಯಾಯಿತು. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಒಂದು ಸುತ್ತು ಹೋಗಿ ಬರೋಣ ಎಂದ. ಅವನು ಸ್ಟೀರಿಂಗ್ ಹಿಡಿದ, ಅವನ ಹೆಂಡತಿ ಪಕ್ಕದಲ್ಲಿ ಕುಳಿತಳು. ನಾನು ಹಿಂದಿನ ಬಾಗಿಲು ತೆಗೆದು ನೀನು ಕೂರುತ್ತಿದ್ದ ಎಡಗಡೆಯ ಜಾಗದಲ್ಲಿ ಕುಳಿತೆ. ಆ ಕೆಲಸ ಮಾಡಿಸಿದ ಮೇಲೆ ನಾನು ಹಿಂದಿನ ಸೀಟಿನಲ್ಲಿ ಕುಳಿತದ್ದು ಅದೇ ಮೊದಲು, ಸುಶೀಲಾ. ಒಂದೇ ಒಂದು ಸಲವೂ ಕುಳಿತಿರಲಿಲ್ಲ.

ಕೊಟ್ಟಿಗೆಹಾರದ ಕಡೆ ಹೋಗುವ ರಸ್ತೆಯಲ್ಲಿ ಮೊದಲ ತಿರುವುಗಳು ಚೆನ್ನಾಗಿಯೇ ಇದ್ದವು. ಕಾರು ಒಂಚೂರೂ ವಾಲಲಿಲ್ಲ. "ಎಷ್ಟು ಸ್ಟೆಡಿ ಇದೆ ಅಲ್ವಾ!" ಎಂದಳು ಆ ಹುಡುಗಿ. ಆಮೇಲೆ ಮಳೆಗೆ ಡಾಂಬರು ಕಿತ್ತುಹೋದ ಜಾಗ ಬಂತು. ಮೊದಲ ಗುಂಡಿಗೆ ನನ್ನ ಬೆನ್ನಿನ ಬುಡಕ್ಕೆ ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆದ ಹಾಗಾಯಿತು. ಎರಡನೆಯದಕ್ಕೆ ಹಲ್ಲಿಗೆ ಹಲ್ಲು ಬಡಿಯಿತು. ಮೂರನೆಯದಕ್ಕೆ ನಾನು ಮುಂದಿನ ಸೀಟು ಹಿಡಿದುಕೊಂಡು ಅರ್ಧ ಎದ್ದು ನಿಂತಿದ್ದೆ. ಮುಂದಿನವರಿಬ್ಬರೂ ಮಾತಾಡಿಕೊಂಡೇ ಇದ್ದರು. ಮುಂದೆ ಕೂತವರಿಗೆ ಅದು ಅಷ್ಟು ಗೊತ್ತಾಗುವುದಿಲ್ಲ. ಹಿಂದೆ ಕೂತವರು ಹಿಂದಿನ ಗಾಲಿಯ ಮೇಲೇ ಕೂತ ಹಾಗೆ. ಸ್ಟೀರಿಂಗ್ ಹಿಡಿದವನು ಗುಂಡಿಯನ್ನು ಮೊದಲೇ ನೋಡಿ ಮೈ ಗಟ್ಟಿ ಮಾಡಿಕೊಳ್ಳುತ್ತಾನೆ. ಹಿಂದೆ ಕಣ್ಣು ಮುಚ್ಚಿ ಒರಗಿದವರಿಗೆ ಅದು ಹೇಳದೆ ಬರುತ್ತದೆ. "ಗಾಡಿ ನಿಲ್ಸಪ್ಪ" ಎಂದೆ. ವಾಂತಿ ಬಂತೆಂದು ತಿಳಿದು ಆ ಹುಡುಗಿ ನೀರಿನ ಬಾಟಲಿ ಕೊಟ್ಟಳು. ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತೆ. ನನ್ನ ಬೆನ್ನಿಗೆ ಯಾವ ಕಾಯಿಲೆಯೂ ಇಲ್ಲ. ನಿನ್ನದು ಎದೆಯಲ್ಲಿ ಶುರುವಾಗಿ ಬೆನ್ನುಮೂಳೆಗೆ ಇಳಿದ ಕ್ಯಾನ್ಸರ್. ಆ ಕೆಲಸ ಮಾಡಿಸಿದ ಮೇಲೆ ಆ ಸೀಟಿನಲ್ಲಿ ನೀನು ಆರು ಸಲ ಘಾಟಿ ಇಳಿದೆ, ಆರು ಸಲ ಹತ್ತಿದೆ.

ಮೊದಲನೇ ಪ್ರಯಾಣ ನಿನಗೆ ನೆನಪಿದೆಯಾ? ಅದು ಹಳೆಯ ಸಸ್ಪೆನ್ಷನ್ನಿನಲ್ಲಿ, ಕಾರು ಕಂಪನಿಯಿಂದ ಬಂದ ಹಾಗೇ ಇದ್ದಾಗ. ಹೋಗುವಾಗ ಏನೂ ಆಗಲಿಲ್ಲ. ಬರುವಾಗ, ಆ ಔಷಧಿ ಮೈಗೆ ಹತ್ತಿದ ಮೇಲೆ, ಘಾಟಿಯ ಬುಡದಿಂದಲೇ ನಿನಗೆ ವಾಂತಿ ಶುರುವಾಯಿತು. ಹೇರ್‌ಪಿನ್ ಬಂದಾಗಲೆಲ್ಲ ಕಾರು ದೋಣಿಯ ಹಾಗೆ ಒಂದು ಕಡೆಗೆ ವಾಲುವುದು, ನೀನು ಪಕ್ಕದಲ್ಲಿದ್ದ ನಿನ್ನ ತಂಗಿ ಯಶೋದೆಯ ಮೇಲೆ ಬೀಳುವುದು. ಮತ್ತೆ ಆ ಕಡೆಗೆ ವಾಲುವುದು, ನಿನ್ನ ತಲೆ ಗಾಜಿಗೆ ತಾಗುವುದು. ಕೈಯಲ್ಲಿ ಹಿಡಿದ ನಿಂಬೆಹಣ್ಣು ಎಲ್ಲಿ ಬಿತ್ತೋ. ಮಲಯಮಾರುತ ಬಂಗಲೆಯ ಹತ್ತಿರ ನಿಲ್ಲಿಸಿದಾಗ ನೀನು ಬಾಗಿಲು ಹಿಡಿದು ನಿಂತು, "ರೀ, ಕಾಯಿಲೆ ಕೊಲ್ಲೋಕೆ ಮುಂಚೆ ಈ ತಿರುವುಗಳೇ ನನ್ನ ಕೊಲ್ತವೆ" ಎಂದೆ. ಯಶೋದೆ "ಬಿಡ್ತು ಅನ್ನು ಅಕ್ಕ" ಎಂದಳು. ನನ್ನ ತಲೆಯಲ್ಲಿ ಆಗಲೇ ಕೆಲಸ ಶುರುವಾಗಿತ್ತು. ಡಾಕ್ಟರು ಹೇಳಿದ ಹೆಸರುಗಳು, ಆ ಸ್ಕ್ಯಾನು, ಆ ರಿಪೋರ್ಟು, ಅವುಗಳ ಮುಂದೆ ನಾನು ಯಾವ ಲೆಕ್ಕ? ಆದರೆ ತಿರುವು ಎಂದೆಯಲ್ಲ, ಅದು ನನಗೆ ಗೊತ್ತಿದ್ದ ವಿಷಯ.

ನಿನಗೆ ಗೊತ್ತೇ ಇದೆ, ಬಿಎಸ್ಸಿ ಅರ್ಧಕ್ಕೆ ಬಿಟ್ಟು ಎಸ್ಟೇಟಿಗೆ ಸೇರಿದ ಹೊಸತರಲ್ಲಿ ಸಾಹುಕಾರರ ಮಗ ರ್ಯಾಲಿ ಓಡಿಸುತ್ತಿದ್ದರು. ನನಗೆ ಇಂಗ್ಲಿಷ್ ಬರುತ್ತದೆ, ಗುಣಿಸಿ ಭಾಗಿಸಲು ಬರುತ್ತದೆ ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ತೊಡೆಯ ಮೇಲೆ ನೋಟ್‌ಬುಕ್ಕು, ಕೈಯಲ್ಲಿ ಗಡಿಯಾರ, "ಲೆಫ್ಟ್, ಶಾರ್ಪ್, ಡೋಂಟ್ ಕಟ್" ಎಂದು ನಾನು ಕೂಗುವುದು, ಅವರು ತಿರುಗಿಸುವುದು. "ವಾಲೋ ಕಾರು ಸೋಲೋ ಕಾರು" ಎನ್ನುತ್ತಿದ್ದರು ಅವರು. ಸೆಂಟರ್ ಆಫ್ ಗ್ರಾವಿಟಿ, ಸೆಂಟ್ರಿಫ್ಯೂಗಲ್ ಫೋರ್ಸ್ ಎಂದು ಕಾಲೇಜಿನಲ್ಲಿ ಉರು ಹೊಡೆದಿದ್ದಕ್ಕೆ ನಿಜವಾದ ಅರ್ಥ ಸಿಕ್ಕಿದ್ದು ಆ ಸೀಟಿನಲ್ಲಿ. ನನ್ನ ಜೀವನದಲ್ಲಿ ನಾಲ್ಕು ಜನ ತಿರುಗಿ ನೋಡಿದ ಕೆಲಸ ಅದೊಂದೇ. ನೀನು ಅದಕ್ಕೂ ಹಂಗಿಸುತ್ತಿದ್ದೆ. "ಓಡಿಸಿದ್ದು ಅವ್ರು, ಗೆದ್ದಿದ್ದು ಅವ್ರು, ಕಿರುಚಿದ್ದು ಮಾತ್ರ ನೀವು" ಎಂದು. ಸುಂದರನ ಗ್ಯಾರೇಜಿಗೆ ಕಾರು ತೆಗೆದುಕೊಂಡು ಹೋಗುವಾಗ ನಿನ್ನ ಕಾಯಿಲೆಗೆ ಮದ್ದು ತರಲು ಹೋಗುತ್ತಿದ್ದೇನೆ ಎಂದೇ ಅನ್ನಿಸಿತ್ತು. ಇಲ್ಲಿ ಒಂದು ಮಾತು ಕೇಳುತ್ತೇನೆ, ನೀನು ಹಂಗಿಸುವ ಮೊದಲು ನಾನೇ ಕೇಳಿಕೊಳ್ಳುತ್ತೇನೆ: ಹೋದದ್ದು ನಿನಗಾಗಿಯೋ, ಆ ಹಳೆಯ ಸೀಟಿಗಾಗಿಯೋ?

ಸುಂದರ ಆವತ್ತು ಒಂದು ಜೀಪಿನ ಅಡಿಯಿಂದ ಹೊರಬಂದು ಕೈ ಒರೆಸಿಕೊಳ್ಳುತ್ತ ನಾನು ಹೇಳಿದ್ದೆಲ್ಲ ಕೇಳಿದ. ಅವನ ಹತ್ತಿರ ಯಾರೋ ಬೆಳೆಗಾರರ ಮಗ ರ್ಯಾಲಿ ಕಾರಿನಿಂದ ಬಿಚ್ಚಿಸಿ ಇಟ್ಟ ಸಾಮಾನಿತ್ತು. ಗಿಡ್ಡ ಗಟ್ಟಿ ಸ್ಪ್ರಿಂಗು ನಾಲ್ಕು, ಗ್ಯಾಸಿನ ಶಾಕ್ ಅಬ್ಸಾರ್ಬರು ನಾಲ್ಕು, ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ದಪ್ಪ ಸರಳು. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ಮಲಗದ ಹಾಗೆ ಹಿಡಿಯುವುದು ಆ ಸರಳೇ.

"ರೈಟ್ರೇ, ಇದು ರೇಸಿನವ್ರು ಹಾಕೋ ಮಾಲು. ನಿಮಗೆ ಎಂತಕ್ಕೆ?"

"ತಿರುವಲ್ಲಿ ವಾಲಬಾರ್ದು. ಅಷ್ಟೇ."

"ವಾಲೋದಿಲ್ಲ. ಗುಂಡಿಗೆ ಬಿದ್ರೆ ಮಾತ್ರ ದೇವ್ರು ಕಾಣ್ತಾನೆ. ಹಿಂದ್ಗಡೆ ಕೂರೋರು ಯಾರು?"

"ಸುಶೀಲ, ಅವಳ ತಂಗಿ."

ಅವನು ಆ ಗಟ್ಟಿ ಸ್ಪ್ರಿಂಗನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿದ. "ಒಂದ್ ಕೆಲಸ ಮಾಡಾಣ. ಸ್ಪ್ರಿಂಗು ಕಂಪನೀದೇ ಇರ್ಲಿ, ಶಾಕ್ಸು ಹೊಸ್ದು ಹಾಕಾಣ. ಸ್ವಲ್ಪ ವಾಲ್ತದೆ, ನೀವು ನಿಧಾನ ಹೋಗಿ."

"ನಿಧಾನ ಹೋಗೋಕೆ ನಿನ್ನ ಹತ್ರ ಎಂತಕ್ಕೆ ಬರ್ಬೇಕು ನಾನು? ನೀನು ಹುಟ್ಟೋಕೆ ಮುಂಚೆ ನಾನು ರ್ಯಾಲಿ ಕಾರಲ್ಲಿ ಕೂತವ್ನು."

"ಆಯ್ತು ಮಾರಾಯ್ರೆ. ನಿಮ್ ಗಾಡಿ, ನಿಮ್ ರೋಡು" ಎಂದು ನಕ್ಕ. ಕಾರು ಎರಡು ದಿನ ಅಲ್ಲೇ ಇತ್ತು. ಮೆತ್ತಗಿನ ರಬ್ಬರು ಬುಷ್ಷುಗಳನ್ನೂ ತೆಗೆಸಿ ಗಟ್ಟಿಯವನ್ನು ಹಾಕಿಸಿದೆ. ಚಿಕ್ಕಮಗಳೂರಿಗೆ ಹೋಗಿ ಗಾಲಿಯ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದೆ. ಹೇಳಲಿಲ್ಲ ಎಂದು ಸುಂದರನನ್ನು ದೂರುವ ಹಾಗಿಲ್ಲ. ಅವನು ಹೇಳಿದ್ದ.

ಆ ವಾರದ ಬುಧವಾರ ಬೆಳಿಗ್ಗೆ ನಾನೊಬ್ಬನೇ ಪರೀಕ್ಷೆಗೆ ಹೋದದ್ದು ನಿನಗೆ ನೆನಪಿರಬೇಕು, ಅಡುಗೆಮನೆಯಿಂದ ಸ್ಟೀಲ್ ಲೋಟ ಕೇಳಿ ತೆಗೆದುಕೊಂಡು ಹೋಗಿದ್ದೆ. ಹೊಸದಾಗಿ ಡಾಂಬರು ಹಾಕಿದ್ದ ರಸ್ತೆಯನ್ನೇ ಹುಡುಕಿಕೊಂಡು ಹೋದೆ. ಲೋಟಕ್ಕೆ ಮುಕ್ಕಾಲು ನೀರು ತುಂಬಿಸಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ನಾಲ್ಕು ತಿರುವು ದಾಟಿಸಿದೆ. ಒಂದು ಹನಿ ಚೆಲ್ಲಲಿಲ್ಲ. ಮನೆಗೆ ಬಂದು ಖುಷಿಯಲ್ಲಿ ಏನೇನೋ ಹೇಳಿದೆ. ಬಾಡಿ ರೋಲ್ ಇಲ್ಲ, ಲೋಡ್ ಟ್ರಾನ್ಸ್‌ಫರ್ ಇಲ್ಲ ಎಂದು. ನೀನು ಹಾಸಿಗೆಯಲ್ಲಿ ಒರಗಿಕೊಂಡು, "ಹೌದಾ? ಒಳ್ಳೇದಾಯ್ತಲ್ಲ" ಎಂದೆ. ಹೊಸ ಡಾಂಬರಿನ ಮೇಲೆ, ಮುಂದಿನ ಸೀಟಿನಲ್ಲಿ, ಗಟ್ಟಿಮುಟ್ಟಾದ ಒಬ್ಬ ಮನುಷ್ಯ ಕೂತು ಮಾಡಿದ ಪರೀಕ್ಷೆ. ಬೆನ್ನು ಸವೆದ ಹೆಂಗಸಿಗಾಗಿ ಮಾಡಿದ ಪರೀಕ್ಷೆ. ಇದನ್ನು ಬೇರೆ ಯಾರಾದರೂ ಮಾಡಿದ್ದರೆ ನಾನು ಏನನ್ನುತ್ತಿದ್ದೆ?

ಎರಡನೇ ಪ್ರಯಾಣದಲ್ಲಿ ನಿನಗೆ ವಾಂತಿಯಾಗಲಿಲ್ಲ. ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ. ನಾನು ಗೆದ್ದೆ ಎಂದುಕೊಂಡೆ. ವಾಂತಿಗೆಂದು ಡಾಕ್ಟರು ಆ ಸಲ ಬೇರೆ ಮಾತ್ರೆ ಕೊಟ್ಟಿದ್ದರು ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೇರ್‌ಪಿನ್ನಿನಲ್ಲಿ ಗೇರು ಇಳಿಸಿ, ಸ್ಟೀರಿಂಗು ಒಂದೇ ಸಲ ತಿರುಗಿಸಿದರೆ ಕಾರು ದಾರ ಹಿಡಿದು ಎಳೆದ ಹಾಗೆ ಸುತ್ತಿಕೊಂಡು ಬರುತ್ತಿತ್ತು. ನಾನು ಕನ್ನಡಿಯಲ್ಲಿ ನಿನ್ನನ್ನು ನೋಡಿ, "ಹೆಂಗಿದೆ?" ಎಂದು ಕೇಳಿದೆ. ನೀನು ಕಣ್ಣು ಮುಚ್ಚಿಕೊಂಡೇ, "ಈಗ ಪರವಾಗಿಲ್ಲ ರೀ" ಎಂದೆ. ನಿದ್ದೆ ಬಂದಿದೆ ಎಂದುಕೊಂಡೆ. ಸೆರಗು ಬಾಯಿಗೆ ಅಡ್ಡ ಇತ್ತು, ಚಳಿಗೆ ಇರಬೇಕು ಎಂದುಕೊಂಡೆ. ಯಶೋದೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಷ್ಟು ಹತ್ತಿರ ಇದ್ದೆವು ಮೂವರೂ.

ಮೂರನೇ ಸಲ ಹೊರಡುವಾಗ ನೀನು ಬಾಗಿಲಲ್ಲಿ ನಿಂತು ಕೇಳಿದ ಮಾತು ಒಂದಿದೆ. ಭಾನುವಾರದಿಂದ ನನ್ನ ಕಿವಿಯಲ್ಲಿ ಬೇರೇನೂ ಇಲ್ಲ, ಅದೊಂದೇ. "ರೀ, ಡಿಕ್ಕೀಲಿ ಎರಡು ಮೂಟೆ ಹಾಕಬಾರ್ದಾ?" ಎಂದೆ. ನಾನು ನಕ್ಕೆ. "ಮೂಟೆ ಹಾಕಿದ್ರೆ ಕಾರ್ನರಿಂಗ್ ಹೋಗ್ತದೆ ಮಾರಾಯ್ತಿ. ಅಷ್ಟೆಲ್ಲ ಮಾಡ್ಸಿದ್ದು ಎಂತಕ್ಕೆ?" ಎಂದೆ. ನೀನು ಮತ್ತೆ ಕೇಳಲಿಲ್ಲ.

ನಾನು ಯಾರು ಹಾಗೆ ನಗಲು? ನಿಮ್ಮಪ್ಪ ಆ ಎಸ್ಟೇಟಿನ ಮೇಸ್ತ್ರಿ. ಕೆಲಸದವರ ಲೈನ್ ಮನೆಯಲ್ಲಿ ಯಾವಳಿಗಾದರೂ ಹೆರಿಗೆ ನೋವು ಬಂದರೆ, ಯಾರಾದರೂ ಮರದಿಂದ ಬಿದ್ದು ಸೊಂಟ ಮುರಿದುಕೊಂಡರೆ, ಆಸ್ಪತ್ರೆಗೆ ಜೀಪು ಹೊರಡುವ ಮೊದಲು ಅವರು ಕೂಗುತ್ತಿದ್ದದ್ದು ಒಂದೇ ಮಾತು: "ಮೂಟೆ ಹಾಕ್ರೋ, ಜೀಪು ಕೂರ್ಲಿ." ಖಾಲಿ ಜೀಪು ಕುದುರೆಯ ಹಾಗೆ ಕುಣಿಯುತ್ತದೆ. ಹಿಂದೆ ನಾಲ್ಕು ಮೂಟೆ ಬಿದ್ದರೆ ಸ್ಪ್ರಿಂಗು ಇಳಿದು ಮೆತ್ತಗಾಗುತ್ತದೆ; ಕಲ್ಲು ಬಂದರೂ ಎತ್ತಿ ಹಾಕುವುದಿಲ್ಲ. ಕಾಲಕ್ಕೆ ತಕ್ಕ ಹಾಗೆ ಗೊಬ್ಬರದ್ದೋ, ಪಾರ್ಚ್‌ಮೆಂಟ್ ಕಾಫಿಯದ್ದೋ ಮೂಟೆ. ಗೋಡೌನಿನಿಂದ ಅದನ್ನು ಹೊರಗೆ ಬಿಡಲು ಚೀಟಿ ಬರೆದುಕೊಡುತ್ತಿದ್ದವನು ನಾನೇ! ಎಷ್ಟು ಚೀಟಿ ಬರೆದಿದ್ದೇನೆ! ಯಾರ್ಯಾರ ಬೆನ್ನಿಗಾಗಿಯೋ ಬರೆದೆ. ನೀನು ಬಾಯಿ ಬಿಟ್ಟು ಕೇಳಿದಾಗ ಅದು ಯಾತಕ್ಕೆ ಎಂದು ನನಗೆ ಹೊಳೆಯಲೇ ಇಲ್ಲ. ತಂಗಿಯ ಮನೆಗೆ ಏನೋ ಕಳಿಸುವುದಿರಬೇಕು ಎಂದುಕೊಂಡೆ. ಕೇಳಿದ್ದು ನೀನು, ಮೇಸ್ತ್ರಿ ಮಗಳು. ನಕ್ಕಿದ್ದು ನಾನು, ರೈಟರು.

ಈ ಸೋಮವಾರ ವಸ್ತಾರೆಗೆ, ನಿನ್ನ ತಂಗಿಯ ಮನೆಗೆ ಹೋದೆ. ಯಶೋದೆ ಜಗಲಿಯಲ್ಲಿ ಮೆಷಿನ್ ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದಳು. ನಾನು ಕೂರುವ ಮೊದಲೇ ಕೇಳಿದೆ.

"ಕಾರಲ್ಲಿ ಹೋಗ್ವಾಗ ನಿಮ್ಮಕ್ಕಂಗೆ ನೋವಾಗ್ತಿತ್ತಾ?"

ಅವಳ ಕಾಲು ನಿಂತಿತು. "ಈಗ ಎಂತಕ್ಕೆ ಭಾವ ಅದೆಲ್ಲ? ಕೂತ್ಕೊಳ್ಳಿ, ಕಾಫಿ ಮಾಡ್ತೇನೆ."

"ಕಾಫಿ ಬೇಡ. ಹೇಳು."

"ಹೇಳಿದ್ರೆ ಅಕ್ಕ ಎದ್ದು ಬರ್ತಾಳಾ?"

"ನಾನು ಭಾನುವಾರ ಹಿಂದಿನ ಸೀಟಲ್ಲಿ ಕೂತಿದ್ದೆ, ಯಶೋದಾ."

ಆಗ ಅವಳು ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಗುಂಡಿ ಬಂದಾಗೆಲ್ಲ ಅವಳ ಬೆನ್ನಿಗೂ ಸೀಟಿಗೂ ನಡುವೆ ಕೈ ಇಡ್ತಿದ್ದೆ. ನೀವು ಕನ್ನಡೀಲಿ ನೋಡ್ತೀರಿ ಅಂತ ಮೇಲಿಂದ ಶಾಲು ಹೊದೆಸ್ತಿದ್ಲು ಅವಳೇ. ಸೆರಗು ಉಂಡೆ ಮಾಡಿ ಬಾಯಿಗೆ ತುರುಕ್ಕೊಳ್ತಿದ್ಲು. ಮನೆಗೆ ಬಂದ್ಮೇಲೆ ನೋಡಿದ್ರೆ ಸೆರಗಲ್ಲಿ ಹಲ್ಲಿನ ಗುರುತು. ಸಾಕಾ?"

"ನನ್ನ ಹತ್ರ ಒಂದು ಮಾತು..."

"ಹೇಳ್ತೇನೆ ಅಂದೆ. ಬೈದು ಬಾಯಿ ಮುಚ್ಚಿಸಿದ್ಲು. 'ಮನೇಲಿ ಅವರ ಮುಖ ನೋಡೋಕಾಗೋದಿಲ್ಲ ಕಣೆ, ನಾನೇ ಸತ್ತಿದ್ದೇನೇನೋ ಅನ್ನಿಸ್ತದೆ. ಸ್ಟೀರಿಂಗ್ ಹಿಡ್ಕೊಂಡ್ರೆ ಮಾತ್ರ ಮೊದಲಿನ ಮನುಷ್ಯ ಆಗ್ತಾರೆ. ಅದನ್ನೂ ಎಂತಕ್ಕೆ ಕಿತ್ಕೊಳ್ಳೋದು?' ಅಂದ್ಲು. ಒಂದ್ಸಲ ಮೂಟೆ ಕೇಳಿದ್ಲಲ್ಲ ನಿಮ್ಮ ಹತ್ರ. ನಗಾಡಿದ್ರಿ."

ಅವಳು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದಳು. ಕುಡಿದೆ. ಹೊರಡುವಾಗ, "ಗೊತ್ತಿಲ್ದೆ ಮಾಡಿದ್ದು ಭಾವ, ಬಿಟ್ಬಿಡಿ. ಅವಳನ್ನ ಉಳಿಸೋಕೆ ಮಾಡಿದ್ರಲ್ಲ" ಎಂದಳು. ಆ ಮಾತು ಕೇಳಿ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಯಾಕೆ ಆಗಲಿಲ್ಲವೆಂದು ಹೇಳುತ್ತೇನೆ, ಸ್ವಲ್ಪ ತಾಳು.

ಮಂಗಳವಾರ ಸುಂದರನ ಹತ್ತಿರ ಹೋಗಿ, ಹಳೆಯ ಸ್ಪ್ರಿಂಗುಗಳನ್ನೇ ಮತ್ತೆ ಹಾಕಿಕೊಡು ಎಂದೆ. ಅವನಿಗೆ ಅರ್ಥವಾಗಲಿಲ್ಲ. "ಅವು ಆವಾಗ್ಲೇ ಬೇರೆ ಗಾಡಿಗೆ ಹೋದ್ವು ರೈಟ್ರೇ. ಬೇಕಾದ್ರೆ ಹೊಸ್ದು ತರಿಸ್ತೇನೆ. ಆದ್ರೆ..." ಎಂದವನು ಕೇಳಿಯೇ ಬಿಟ್ಟ. "ಈಗ ಹಿಂದ್ಗಡೆ ಕೂರೋರು ಯಾರು?" ಅವನು ಅದನ್ನು ಚುಚ್ಚಲು ಕೇಳಲಿಲ್ಲ. ಮೆಕ್ಯಾನಿಕ್ಕು ಕೇಳಲೇಬೇಕಾದ ಪ್ರಶ್ನೆ ಅದು, ಮೊದಲ ಸಲವೂ ಅದನ್ನೇ ಕೇಳಿದ್ದ. ಆ ಸಲ ನನ್ನ ಹತ್ತಿರ ಉತ್ತರವಿತ್ತು. ಮನೆಗೆ ಬಂದು ಕಳಸದವನಿಗೆ ಫೋನ್ ಮಾಡಿ ಕಾರು ತೆಗೆದುಕೊಂಡು ಹೋಗಲು ಹೇಳಿದೆ. ನಿನ್ನೆ ಬಂದು ಒಯ್ದ. ಮನೆಯ ಮುಂದಿನ ಮೊದಲ ತಿರುವಿನಲ್ಲಿ ಕಾರು ಒಂಚೂರೂ ಬಗ್ಗದೆ ಮರೆಯಾಯಿತು.

ಇನ್ನು ಆ ಮಾತು. ನೀನು ನೋವು ಮುಚ್ಚಿಟ್ಟೆ ಎಂದು ಯಶೋದೆ ಹೇಳಿದಾಗಿನಿಂದ, ನಾನು ಮುಚ್ಚಿಟ್ಟದ್ದನ್ನೂ ಹೇಳಿಬಿಡಬೇಕು ಎಂದು ಅನ್ನಿಸುತ್ತಿದೆ. ಐದನೇ ಸಲ ಆಸ್ಪತ್ರೆಗೆ ಹೋಗಿದ್ದಾಗ ನಿನ್ನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ, ಯಶೋದೆ ನಿನಗೆ ಎಳನೀರು ತರಲು ಹೋಗಿದ್ದಳು. ಡಾಕ್ಟರು ಹೊರಗೆ ಬಂದರು. ನೀನು ನಾಲ್ಕೇ ಹೆಜ್ಜೆ ದೂರದಲ್ಲಿದ್ದೆ. ಅವರು ಕನ್ನಡದಲ್ಲಿ ಶುರು ಮಾಡಿದರು, ನಾನೇ ಇಂಗ್ಲಿಷಿಗೆ ತಿರುಗಿಸಿದೆ, ನಿನಗೆ ತಿಳಿಯಬಾರದೆಂದು. "ದಿ ಮೆಡಿಸಿನ್ ಈಸ್ ನಾಟ್ ವರ್ಕಿಂಗ್" ಎಂದರು. "ದಿ ಜರ್ನಿ ಈಸ್ ಡೂಯಿಂಗ್ ಹರ್ ಮೋರ್ ಹಾರ್ಮ್ ದ್ಯಾನ್ ಗುಡ್. ಕೀಪ್ ಹರ್ ಅಟ್ ಹೋಮ್" ಎಂದರು. ಮದ್ದು ಹಿಡಿಯುತ್ತಿಲ್ಲ, ಪ್ರಯಾಣದಿಂದ ಒಳಿತಿಗಿಂತ ಕೆಡುಕೇ ಹೆಚ್ಚು, ಇನ್ನು ಕರೆದುಕೊಂಡು ಬರಬೇಡಿ ಎಂದು ಅದರ ಅರ್ಥ; ನೋವಿಗೆ ಮಾತ್ರೆ ಬರೆದುಕೊಡುತ್ತೇನೆ ಎಂದೂ ಹೇಳಿದರು. ನಾನು ಕೈಕಟ್ಟಿಕೊಂಡು, "ಐ ವಿಲ್ ಡೂ ದಿ ನೀಡ್‌ಫುಲ್, ಸರ್" ಎಂದೆ. ಎಸ್ಟೇಟಿನ ಕಾಗದಗಳ ಕೊನೆಯಲ್ಲಿ ಬರೆಯುತ್ತಿದ್ದ ಇಂಗ್ಲಿಷು. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದು. ನೀನು ಕುರ್ಚಿಯಿಂದಲೇ, "ಎಂತ ಅಂದ್ರು?" ಎಂದು ಕೇಳಿದೆ. "ಇನ್ನೆರಡು ಸಲ ಬರ್ಬೇಕಂತೆ, ಆಮೇಲೆ ಸರಿಯಾಗ್ತದಂತೆ" ಎಂದೆ.

ಇನ್ನೆರಡು ಸಲ ಎಂದು ಹೇಳಿದವರು ಯಾರೂ ಇಲ್ಲ, ಸುಶೀಲಾ. ಅದು ನನ್ನ ಬಾಯಲ್ಲಿ ಹುಟ್ಟಿದ್ದು. ಆರನೇ ಸಲ ಹೋದಾಗ ಡಾಕ್ಟರು ನನ್ನನ್ನು ಒಳಗೆ ಕರೆದು ಗದರಿದರು. ನಾನು ಅವರ ಕೈ ಹಿಡಿದುಕೊಂಡೆ. ನನ್ನ ಸಮಾಧಾನಕ್ಕೆಂದು ನಿನಗೆ ಒಂದು ಬಾಟಲಿ ಗ್ಲೂಕೋಸು ಹಾಕಿಸಿ ಕಳಿಸಿದರು. ಏಳನೇ ಸಲವೂ ಅಷ್ಟೇ. ಮದ್ದಿಲ್ಲ, ಏನೂ ಇಲ್ಲ, ಬರೀ ಗ್ಲೂಕೋಸು. ಅದನ್ನು ಮೂಡಿಗೆರೆಯಲ್ಲೇ ಹಾಕುತ್ತಾರೆ. ಯಾಕೆ ಕರೆದೊಯ್ದೆ? ಮನೆಯಲ್ಲಿ ನಿನ್ನ ಮಂಚದ ಪಕ್ಕ ಕೂತು ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಗೊತ್ತಿತ್ತು. ಯಾವ ತಿರುವಿಗೆ ಯಾವ ಗೇರು, ಎಲ್ಲಿ ಬ್ರೇಕು, ಎಲ್ಲಿ ಬಿಡುವುದು. ಹೋಗುತ್ತಿರುವಷ್ಟು ಹೊತ್ತು ನಿನ್ನನ್ನು ಎಲ್ಲಿಗೋ ಮುಟ್ಟಿಸುತ್ತಿದ್ದೇನೆ ಎಂದು ಅನ್ನಿಸುತ್ತಿತ್ತು. ನಿನಗೆ ಇದು ಗೊತ್ತಾಗಿತ್ತಾ? ಏಳನೇ ಸಲ ಹೊರಡುವಾಗ ಹೊಸಿಲ ಮೇಲೆ ನಿಂತು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿ ಆಮೇಲೆ ಕಾರು ಹತ್ತಿದೆಯಲ್ಲ... ಆ ಪ್ರಯಾಣ ಮುಗಿಸಿ ಬಂದ ಹನ್ನೊಂದನೇ ದಿನಕ್ಕೆ ನೀನು ಹೋದೆ.

ಯಶೋದೆ "ಗೊತ್ತಿಲ್ದೆ ಮಾಡಿದ್ದು" ಎಂದಳು ನೋಡು. ಕಾರು ಬಿಗಿ ಮಾಡಿಸಿದ ಮೇಲಿನ ಮೊದಲ ನಾಲ್ಕು ಪ್ರಯಾಣಗಳ ಮಟ್ಟಿಗೆ ಆ ಮಾತು ನಿಜ. ಉಳಿದೆರಡರ ಮಟ್ಟಿಗೆ ಅಲ್ಲ. ಕಾರು ನಿನಗೆ ಎಷ್ಟು ಕಷ್ಟ ಕೊಡುತ್ತಿದೆ ಎಂದು ತಿಳಿದಿರಲಿಲ್ಲ ಎನ್ನಬಹುದು. ಪ್ರಯಾಣವೇ ನಿನಗೆ ಹಾನಿ ಎಂದು ಡಾಕ್ಟರು ಹೇಳಿದ್ದು ತಿಳಿದಿತ್ತು, ಇಂಗ್ಲಿಷಿನಲ್ಲಿ, ಅಕ್ಷರ ಅಕ್ಷರವೂ. ಆ ಎರಡು ಸಲ ನಿನ್ನ ಜೊತೆ ಅವಳೂ ಬಂದಳು. ಹೊಲಿಗೆ ಬಿಟ್ಟು, ಗಂಡ ಬೈಯುತ್ತಿದ್ದರೂ ಬಂದಳು. ನಿನ್ನನ್ನು ಉಳಿಸಲು ಕರೆದೊಯ್ಯುತ್ತಿದ್ದೇವೆಂದು ಅವಳು ಇವತ್ತಿಗೂ ನಂಬಿದ್ದಾಳೆ.

ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ವಸ್ತಾರೆಗೆ ಹೋಗಿ ಅವಳಿಗೆ ಎಲ್ಲ ಹೇಳುತ್ತೇನೆ. ಅವಳು ಇನ್ನು ಈ ಮನೆಯ ಕಡೆ ಬರಲಿಕ್ಕಿಲ್ಲ. ಮಕ್ಕಳಿಲ್ಲದ ನನಗೆ ಭಾವ ಎಂದು ಕರೆದು ಬಾಗಿಲು ತಟ್ಟಲು ಉಳಿದಿರುವುದು ಅವಳೊಬ್ಬಳೇ, ಅದೂ ನನಗೆ ಗೊತ್ತು. ಅವಳು ಕೂಗಾಡಿದರೆ ಎದುರು ಮಾತಾಡುವುದಿಲ್ಲ. ನಿನಗಾಗಿ ಮಾಡಿದೆ ಎಂದು ಹೇಳುವುದಿಲ್ಲ. ಹೇಳದೆ ಹಾಗೇ ವಾಪಸ್ ಬಂದೇನೆಂಬ ಭಯ ಮಾತ್ರ ಇದೆ. ಹಾಗೆ ಬಂದರೆ ಮರುದಿನ ಮತ್ತೆ ಹೋಗುತ್ತೇನೆ.

ಅವಳಿಗಿಂತ ಮೊದಲು ನಿನಗೆ ತಿಳಿಯಬೇಕಿತ್ತು. ಅದಕ್ಕೇ ಇವತ್ತು ಬರೆದೆ.